ಬಿಲಿಯರ್ಡ್ಸ್ ಆಟವೂ ನೋಡುವವರ ನಡತೆಯೂ

ಬಿಲಿಯರ್ಡ್ಸ್ ಆಟದ ವಿಷಯವಾಗಿ ರೇಡಿಯೋವಿನಲ್ಲಿ ಮಾತನಾಡುವುದೆಂದರೆ ಕೊಂಚ ವಿನೋದದ ಸಂಗತಿಯೇ ಸರಿ. ಆ ಆಟ ಚೆನ್ನಾಗಿ ನಡೆಯುತ್ತಿರುವ ಕೊಠಡಿಯಲ್ಲಿ ಕಿವಿಗೆ ಬೀಳತಕ್ಕದ್ದು ಬಹಳ ಸ್ವಲ್ಪ. ಚೆಂಡಿಗೆ ಚೆಂಡು ತಾಗಿದ ಸದ್ದು, ಮಾರ್ಕರನು ಅಂಕ ಹೇಳುವ ಧ್ವನಿ, ಅಷ್ಟೆ. ಉಳಿದುದೆಲ್ಲ ಮೌನ. ಈ ಮೌನವು ತಾನಾಗಿ ಹುಟ್ಟಿದುದಲ್ಲ. ಅದಕ್ಕೂ ಒಂದು ಚರಿತ್ರೆಯುಂಟು. ಅದನ್ನು ಕುರಿತು ಶ್ರೋತೃಗಳಲ್ಲಿ ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇನೆ.

ಆಟವನ್ನು ಕಾಣದವರ ಸಲುವಾಗಿ ಮೊದಲು ಇಷ್ಟು ಹೇಳಬೇಕು. ಸುಮಾರು 12 ಅಡಿ ಉದ್ದ, 6 ಅಡಿ ಅಗಲದ ಮೇಜು. ಅದರ ಮೇಲೆ ಹಸುರು ಬನಾತು. ಅಂಚಿನಲ್ಲಿ ಆರು ಚೀಲಗಳು. ಚೆಂಡುಗಳು ಮೂರೇ. ಆಟಗಾರರಿಬ್ಬರಿಗೆ ಒಂದೊಂದು, ಇಬ್ಬರಿಗೂ ಸೇರಿದ ಕೆಂಪು ಚೆಂಡೊಂದು. ತನ್ನ ಚೆಂಡಿನಿಂದ ಉಳಿದೆರಡನ್ನೂ ಮುಟ್ಟಿಸಿದರೆ ಎರಡು ಅಂಕ. ಚೆಂಡು ಚೀಲಕ್ಕೆ ಬಿದ್ದರೆ ಎರಡೋ ಮೂರೋ ಅಂಕ. ಅಂಕ ದೊರೆಯುತ್ತಿರುವವರೆಗೆ ಅವನದೇ ಸರದಿ. ಎದುರಾಳಿ ಕುಳಿತು ನೋಡಬೇಕು. ಹೀಗೆ ಬಿಲಿಯರ್ಡ್ಸಿನಲ್ಲಿ ಆಡುವವನೇ ಅರ್ಧ ಹೊತ್ತು ಪ್ರೇಕ್ಷಕನಾಗಿರುತ್ತಾನೆ. ಬೇರೆ ಆಟಗಳಿಗಿಲ್ಲದ ಒಂದು ಶಿಸ್ತು ಇದಕ್ಕೆ ಬಂದುದು ಇದರಿಂದಲೇ ಇರಬಹುದೆಂದು ನನಗೆ ತೋರುತ್ತದೆ.

ಇಂಗ್ಲಿಷಿನಲ್ಲಿ ಈ ಆಟದ ನಿಯಮಗಳನ್ನು ಹೇಳುವ ಹಳೆಯ ಪುಸ್ತಕಗಳಲ್ಲಿ ಚಾರ್ಲ್ಸ್ ಕಾಟನ್ನನದು ಪ್ರಸಿದ್ಧ. ಅದು ಅಚ್ಚಾದುದು 1674ರಲ್ಲಿ. ಚೆಂಡನ್ನು ಹೊಡೆಯುವ ಕ್ರಮವನ್ನು ಹೇಳಿದ ಮೇಲೆ ಆತನು ನೋಡುತ್ತ ನಿಂತವರಿಗೂ ಒಂದು ನಿಯಮವನ್ನು ವಿಧಿಸುತ್ತಾನೆ. ಪಣವೊಡ್ಡದೆ ಬರಿದೆ ನಿಂತು ನೋಡುವವನು ತನ್ನನ್ನು ಕೇಳಿದ ಹೊರತು ಆಟದ ವಿಚಾರವಾಗಿ ಬಾಯಿ ಬಿಡಕೂಡದು, ಉಪದೇಶ ಮಾಡಕೂಡದು. ಎಚ್ಚರಿಸಿದ ಮೇಲೂ ಮಾತನಾಡಿದರೆ ಸಣ್ಣದೊಂದು ದಂಡ ತೆರಬೇಕು, ಇಲ್ಲವೆ ಕೊಠಡಿಯಿಂದ ಹೊರಡಬೇಕು. ಪಣವೊಡ್ಡದವನು ಎಂಬ ಮಾತನ್ನು ಗಮನಿಸಬೇಕು. ಹಣ ಹೂಡಿದವನಿಗೆ ಕೂಗಾಡುವ ಹಕ್ಕು ಕೂಡ ಇತ್ತೆಂದು ಇದರಿಂದ ಊಹಿಸಬಹುದು! ಆ ಕಾಲದ ಬಿಲಿಯರ್ಡ್ಸ್ ಮೇಜು ಜೂಜಿನ ಮೇಜಿನ ತಂಗಿ. ಸುಳ್ಳು ಸಲಹೆ, ಸಂಜ್ಞೆ, ಸಕಾಲದಲ್ಲಿ ಬರುವ ಕೆಮ್ಮು, ಇವಕ್ಕೆಲ್ಲ ಅಲ್ಲಿ ಬೆಲೆಯಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಬದಲಾವಣೆಗಳಾದುವು. ಒಂದು ಕಾನೂನಿನದು. 1845ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಮಾಡಿದ ಜೂಜಿನ ಶಾಸನವು ಪಣದ ಹಣಕ್ಕಾಗಿ ನ್ಯಾಯಸ್ಥಾನಕ್ಕೆ ಹೋಗುವ ದಾರಿಯನ್ನು ಮುಚ್ಚಿತು. ಸಾರ್ವಜನಿಕರಿಗಾಗಿ ಬಿಲಿಯರ್ಡ್ಸ್ ಮೇಜು ಇಡುವವರು ಪರವಾನಗಿ ಪಡೆಯಬೇಕೆಂದು ವಿಧಿಸಿತು. ಇನ್ನೊಂದು ಮೇಜಿನದು. ಕೋಲಿನ ತುದಿಗೆ ತೊಗಲಿನ ಬಿಲ್ಲೆ ಬಂದಿತು. ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಮರದ ಹಲಗೆಗೆ ಬದಲಾಗಿ ಸ್ಲೇಟು ಕಲ್ಲನ್ನು ಹಾಸಿದನು. 1835ರಲ್ಲಿ ಅಂಚಿಗೆ ರಬ್ಬರನ್ನು ಕಟ್ಟಿದನು. ಮರದ ಮೇಜು ಬಿಸಿಲಿಗೂ ಚಳಿಗೂ ಸೊಟ್ಟಗಾಗುತ್ತಿತ್ತು. ಹೊಡೆತ ತಪ್ಪಿದರೆ ಮೇಜನ್ನು ಬೈಯಬಹುದಾಗಿತ್ತು. ಕಲ್ಲು ಹಾಸಿದ ಮೇಲೆ ಆ ನೆಪ ಹೋಯಿತು. ಕೂದಲೆಳೆಯಷ್ಟು ಲೆಕ್ಕದಲ್ಲಿ ಗುರಿಯಿಡತಕ್ಕ ಆಟಕ್ಕೆ ಎದುರಿಗೆ ಅಲುಗಾಡಿದ ಒಂದು ರುಮಾಲು ಕೂಡ ವಿಘ್ನವಾಯಿತು. ಹೊಡೆಯುವವನ ದೃಷ್ಟಿಗೆ ನೇರವಾಗಿ ನಿಲ್ಲಬಾರದು, ಅವನು ಬಗ್ಗಿದಾಗ ಅಲುಗಾಡಬಾರದು, ಎದುರಾಳಿಯು ಮೇಜಿನಿಂದ ದೂರದಲ್ಲಿ ಕುಳಿತಿರಬೇಕು, ಕೈಚಪ್ಪಾಳೆ ಹೊಡೆತ ಮುಗಿದ ಮೇಲೆ, ಎಂಬ ಮರ್ಯಾದೆಗಳು ಹೀಗೆ ಬೇರೂರಿದುವು. 1888ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಆಟಗಾರರಿಗಾಗಿ ಚಾಂಪಿಯನ್‌ಷಿಪ್ ಪಂದ್ಯ ಆರಂಭವಾಗುವ ಹೊತ್ತಿಗೆ ಈ ಆಟ ಮರ್ಯಾದಸ್ಥರ ಸಾಲಿಗೆ ಸೇರಿಹೋಗಿತ್ತು.

ಪ್ರೇಕ್ಷಕನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವನಿಂದ ಬೇರೆ ಪ್ರಯೋಜನವಿಲ್ಲ ಎಂದು ತಿಳಿಯಬಾರದು. 1907ರಲ್ಲಿ ಲಂಡನ್ನಿನಲ್ಲಿ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಟಾಮ್ ರೀಸ್ ಎಂಬ ವೃತ್ತಿ ಆಟಗಾರನು ಎರಡು ಚೆಂಡುಗಳನ್ನು ಚೀಲದ ಬಾಯಿಯಲ್ಲಿ ಕದಲದಂತೆ ನಿಲ್ಲಿಸಿ, ತನ್ನ ಚೆಂಡಿನಿಂದ ಅವೆರಡನ್ನೂ ಮೆಲ್ಲಗೆ ಮುಟ್ಟಿಸುತ್ತ ಎರಡೆರಡು ಅಂಕಗಳನ್ನು ಕೂಡಿಸುತ್ತ ಹೋದನು. ಜೂನ್ ತಿಂಗಳ ಆರಂಭದಲ್ಲಿ ತೊಡಗಿದ ಆ ಒಂದು ಸರದಿ ಜುಲೈ ತಿಂಗಳಿಗೂ ಮುಂದುವರಿಯಿತು. ಆಡಿದ ಹೊತ್ತು 85 ಗಂಟೆಗಿಂತಲೂ ಹೆಚ್ಚು, ಅಂಕಗಳು 4,99,135, ಅಷ್ಟಾದರೂ ಸರದಿ ಮುಗಿದಿರಲಿಲ್ಲ! ಎದುರಾಳಿಯ ಸಹನೆಗೆ ಕೈ ಮುಗಿಯಬೇಕು. ಆದರೆ ಈ ಅಂಕ ಅಧಿಕೃತ ದಾಖಲೆಯಾಗಲಿಲ್ಲ. ಅದಕ್ಕೆ ಕೊಟ್ಟ ಕಾರಣ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಆಟದುದ್ದಕ್ಕೂ ಪ್ರೇಕ್ಷಕರೂ ಪತ್ರಿಕೆಯವರೂ ಎಡೆಬಿಡದೆ ಹಾಜರಿರಲಿಲ್ಲ ಎಂಬುದೇ ಆ ಕಾರಣ. ಅದೇ ವರ್ಷ ಅದೇ ಬಗೆಯ ಹೊಡೆತದಿಂದ ವಿಲಿಯಂ ಕುಕ್ ಎಂಬಾತನು ಮಾಡಿದ 42,746 ಮಾತ್ರ ಅಧಿಕೃತವಾಗಿ ನಿಂತಿತು. ರೀಸನು ಮೋಸ ಮಾಡಿದನೆಂದು ಯಾರೂ ಹೇಳಲಿಲ್ಲ. ಕಂಡವರಿಲ್ಲ, ಅಷ್ಟೆ. ಬೇಸರಗೊಂಡು ಎದ್ದುಹೋದ ಅನಾಮಧೇಯ ಪ್ರೇಕ್ಷಕರು ತಮಗೆ ತಿಳಿಯದಂತೆಯೇ ಆತನ ಗೆಲುವಿನ ದೊಡ್ಡ ಭಾಗವನ್ನು ಜೊತೆಯಲ್ಲಿ ಕೊಂಡೊಯ್ದಿದ್ದರು.

ಆಟದ ನಿಯಮಾವಳಿಯೂ ಪ್ರೇಕ್ಷಕನನ್ನು ಸಾಕ್ಷಿಯೆಂದು ಒಪ್ಪುತ್ತದೆ. ನ್ಯಾಯಾನ್ಯಾಯಗಳಿಗೆ ತೀರ್ಪುಗಾರನೊಬ್ಬನೇ ಕರ್ತನು. ಆದರೆ ಆತನು ಕಾಣದ ಸಂಗತಿಯೊಂದು ನಡೆದಿದ್ದರೆ, ಅದನ್ನು ಕಾಣಲು ಅನುಕೂಲವಾದ ಸ್ಥಳದಲ್ಲಿದ್ದ ಪ್ರೇಕ್ಷಕರನ್ನು ಕೇಳಿ ತೀರ್ಮಾನಿಸಬಹುದು. ಮತ್ತೊಂದು ಕಡೆ, ಆಟಗಾರನು ಮರೆತು ಎದುರಾಳಿಯ ಚೆಂಡನ್ನು ಹೊಡೆಯಲು ಬಗ್ಗಿದರೆ, ‘ಅಯ್ಯಾ, ಅದು ನಿನ್ನದಲ್ಲ’ ಎಂದು ತೀರ್ಪುಗಾರನೂ ಎಚ್ಚರಿಸಕೂಡದು. ನೋಡುವವರಂತೂ ತುಟಿ ಬಿಚ್ಚಕೂಡದು. ಗೆಳೆಯನು ತಪ್ಪುವುದನ್ನು ಕಣ್ಣಾರೆ ಕಾಣುತ್ತ ಸುಮ್ಮನಿರುವುದು, ಕೇಳಿದಾಗ ಗೆಳೆಯನಿಗೆ ವಿರುದ್ಧವಾದರೂ ಕಂಡುದನ್ನು ಹೇಳುವುದು, ಇವೆರಡೂ ಒಬ್ಬನಿಂದಲೇ ಆಗಬೇಕು. ನಮ್ಮವರಿಗೆ ಈ ಸಂಕಟ ಹೊಸದಲ್ಲ. ಹಸ್ತಿನಾವತಿಯ ದ್ಯೂತಸಭೆಯಲ್ಲಿ ಪಗಡೆಯನ್ನು ಎಸೆದವರು ಇಬ್ಬರೇ; ನೋಡುತ್ತಿದ್ದವರು ಸಭೆ ತುಂಬ. ಕಣ್ಣಿಲ್ಲದ ಅರಸನು ‘ಗೆದ್ದನೇ, ಗೆದ್ದನೇ’ ಎಂದು ಕೇಳುತ್ತಿದ್ದನು. ಬಾಯಿ ತೆರೆದ ವಿದುರನು ಬೈಸಿಕೊಂಡನು. ಮಿಕ್ಕ ಹಿರಿಯರು ಬೆವರೊರಸಿಕೊಂಡರು.

ನಮ್ಮ ದೇಶಕ್ಕೆ ಈ ಆಟ ಬಂದುದು ಇಂಗ್ಲಿಷ್ ಸೈನ್ಯದ ಹಾಗೂ ಕ್ಲಬ್ಬುಗಳ ಮೂಲಕ. ಇದರ ಸಂತಾನವಾದ ಸ್ನೂಕರ್ ಹುಟ್ಟಿದುದೇ ಇಲ್ಲಿ. 1875ರಲ್ಲಿ ಜಬ್ಬಲ್‌ಪುರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಸೇನಾಧಿಕಾರಿ ಅದನ್ನು ಹೂಡಿದನು. 1882ರಲ್ಲಿ ಅದರ ನಿಯಮಗಳು ಮೈಸೂರು ಸೀಮೆಗೆ ನೆರೆಯ ಉದಕಮಂಡಲದ ಕ್ಲಬ್ಬಿನ ಗೋಡೆಯನ್ನೇರಿದುವು. ಹವ್ಯಾಸಿ ಬಿಲಿಯರ್ಡ್ಸಿನ ಜಗತ್ ಪ್ರಶಸ್ತಿಯನ್ನು ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ಗೆದ್ದರು, 1964ರಲ್ಲಿ ಮತ್ತೊಮ್ಮೆ ಗೆದ್ದರು. ಬೆಂಗಳೂರಿನ ಪಂಕಜ್ ಆಡ್ವಾಣಿ 2005ರಲ್ಲಿ ಮಾಲ್ಟಾದಲ್ಲಿ ಗೆದ್ದುದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ದೊಡ್ಡ ಪಂದ್ಯಗಳಿಗೆ ನುರಿತ ತೀರ್ಪುಗಾರರುಂಟು. ಊರಿನ ಕ್ಲಬ್ಬಿನ ಪಂದ್ಯಗಳಿಗೆ ಸಾಮಾನ್ಯವಾಗಿ ಮಾರ್ಕರನೇ ತೀರ್ಪುಗಾರ. ಅವನು ಕ್ಲಬ್ಬಿನ ಸಂಬಳದಾಳು. ಆಡುವವರೋ ಕ್ಲಬ್ಬಿನ ಸದಸ್ಯರು. ಅವನು ‘ತಪ್ಪಾಯಿತು’ ಎನ್ನುವುದು ಎಷ್ಟು ಕಷ್ಟವೆಂಬುದನ್ನು ಯಾವ ನಿಯಮಾವಳಿಯೂ ಬರೆದಿಲ್ಲ. ಆದುದರಿಂದಲೇ ತಾಗಿದ ಚೆಂಡನ್ನು ತಾನೇ ‘ತಾಗಿತು’ ಎಂದು ಹೇಳಿ ಕೋಲನ್ನು ಕೆಳಗಿಳಿಸುವ ಆಟಗಾರನನ್ನು ಹವ್ಯಾಸಿಗಳು ಇಷ್ಟು ಗೌರವಿಸುವುದು.

ನನ್ನದೇ ಒಂದು ಅನುಭವವನ್ನು ಹೇಳಿ ಮುಗಿಸುತ್ತೇನೆ. ಆಗ ನಾನು ಕೆಲಸಕ್ಕೆ ಸೇರಿದ ಹೊಸದು. ಒಂದು ಊರಿನ ಕ್ಲಬ್ಬಿನಲ್ಲಿ ವರ್ಷದ ಕೊನೆಯ ಪಂದ್ಯ. 200 ಅಂಕಗಳ ಆಟ. ಒಂದು ಕಡೆ ನನಗೆ ಬಹಳ ಉಪಕಾರ ಮಾಡಿದ್ದ ಹಿರಿಯ ವಕೀಲರು; ಇನ್ನೊಂದು ಕಡೆ ಕಚೇರಿಯೊಂದರ ಗುಮಾಸ್ತ, ಹುಡುಗ. ವಕೀಲರದು 168, ಹುಡುಗನದು 181. ವಕೀಲರು ಮೇಜಿನ ಮೇಲೆ ಬಾಗಿದಾಗ ಅವರ ಕೋಟಿನ ತೋಳು ಕೆಂಪು ಚೆಂಡನ್ನು ಸವರಿತು. ಚೆಂಡು ಉರುಳಲಿಲ್ಲ, ಇದ್ದಲ್ಲೇ ಒಂದು ಸಲ ನಡುಗಿತು. ನಾನು ಮೂರಡಿ ದೂರದಲ್ಲಿದ್ದೆ. ‘ತಾಗಿದಂತೆ ತೋರಿತು’ ಎಂದು ಹುಡುಗ ಮೆಲ್ಲಗೆ ಹೇಳಿದನು. ವಕೀಲರು ಕೋಲಿನ ತುದಿಗೆ ಸೀಮೆಸುಣ್ಣ ಹಚ್ಚುತ್ತಿದ್ದರು. ಅಂಕದ ಹಲಗೆಯ ಬಳಿಯಿದ್ದ ಮುದುಕ ಮಾರ್ಕರ್ ನನ್ನ ಕಡೆಗೆ ತಿರುಗಿ, ‘ಬುದ್ಧಿ, ತಾವು ಹತ್ತಿರ ಇದ್ದಿರಿ. ತಾಗಿತೆ?’ ಎಂದು ಕೇಳಿದನು.

‘ಸರಿಯಾಗಿ ಕಾಣಲಿಲ್ಲ’ ಎಂದೆ.

ವಕೀಲರು ಅದೇ ಸರದಿಯಲ್ಲಿ 32 ಅಂಕಗಳನ್ನು ತೆಗೆದು ಆಟ ಮುಗಿಸಿದರು. ಚಪ್ಪಾಳೆಯಾಯಿತು, ಹುಡುಗ ಅವರ ಕೈ ಕುಲುಕಿ ತನ್ನ ಸೈಕಲ್ಲಿನ ಕಡೆಗೆ ಹೋದನು. ಎಲ್ಲರೂ ಹೊರಟ ಮೇಲೂ ನಾನೇಕೋ ಅಲ್ಲೇ ನಿಂತಿದ್ದೆ. ಮಾರ್ಕರ್ ಮೂರು ಚೆಂಡುಗಳನ್ನೂ ಒರಸಿ ಪೆಟ್ಟಿಗೆಯಲ್ಲಿಟ್ಟನು, ಬನಾತಿಗೆ ಬ್ರಷ್ ಎಳೆದನು, ಹೊದಿಕೆ ಹಾಸಿದನು. ಆಮೇಲೆ ನನ್ನ ಮುಖ ನೋಡದೆ, ‘ದೀಪ ಆರಿಸುತ್ತೇನೆ, ಬುದ್ಧಿ’ ಎಂದನು.