ವಿಕಿರಣ ವಿನ್ಯಾಸ
ಆಂಟೆನಾ ಯಾವ ದಿಕ್ಕಿಗೆ ಎಷ್ಟು ಶಕ್ತಿಯನ್ನು ಪ್ರಸರಿಸುತ್ತದೆ ಎಂಬುದನ್ನು ತೋರಿಸುವ ನಕ್ಷೆಯೇ ವಿಕಿರಣ ವಿನ್ಯಾಸ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ರೂಪುಗೊಂಡ ‘ನೆಕ್’ ಗಣನಾಕ್ರಮವನ್ನು ಆಧರಿಸಿದ ಈಝಿನೆಕ್, 4ನೆಕ್2 ಮೊದಲಾದ ತಂತ್ರಾಂಶಗಳು ಇದನ್ನು ರಚಿಸುತ್ತವೆ.

ನಕ್ಷೆಯ ಹೊರವೃತ್ತವನ್ನು ಸಾಮಾನ್ಯವಾಗಿ ಆಯಾ ಆಂಟೆನಾದ ಗರಿಷ್ಠ ಗೇನ್‌ಗೆ ಹೊಂದಿಸಿರುತ್ತಾರೆ. ಆದ್ದರಿಂದ ಆಕಾರವೊಂದನ್ನೇ ನೋಡಿ ಎರಡು ಆಂಟೆನಾಗಳನ್ನು ಹೋಲಿಸಲಾಗದು.

ಕಲಿಯುವವರನ್ನು ಹೆಚ್ಚು ಗೊಂದಲಗೊಳಿಸುವುದು ನೆಲದ ಪ್ರಭಾವ. ಮುಕ್ತ ಅವಕಾಶದಲ್ಲಿ ಅರ್ಧತರಂಗ ಡೈಪೋಲ್‌ನ ಗೇನ್ 2.15 ಡಿಬಿಐ. ಅದನ್ನು ಅರ್ಧ ತರಂಗಾಂತರದ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದರೆ, ನೆಲದಿಂದ ಪ್ರತಿಫಲಿಸಿದ ಅಲೆಯೂ ಕೂಡಿಕೊಂಡು ಗರಿಷ್ಠ ವಿಕಿರಣ ಸುಮಾರು 30° ಮೇಲಕ್ಕೆ ಇರುತ್ತದೆ. ಕಾಲು ತರಂಗಾಂತರಕ್ಕೆ ಇಳಿಸಿದರೆ ನೆತ್ತಿಯತ್ತ ತಿರುಗುತ್ತದೆ. ಕ್ಷಿತಿಜದಲ್ಲಿ, ಅಂದರೆ 0° ಯಲ್ಲಿ, ಎರಡು ಅಲೆಗಳೂ ಪರಸ್ಪರ ರದ್ದಾಗುವುದರಿಂದ ‘ನೆಕ್’ −999.99 ಎಂದು ಮುದ್ರಿಸುತ್ತದೆ. ಇದು ಮಾದರಿಯ ದೋಷವಲ್ಲ. ದಿಗಂಶ ನಕ್ಷೆಯನ್ನು ಗರಿಷ್ಠ ವಿಕಿರಣದ ಕೋನದಲ್ಲಿ ತೆಗೆಯಬೇಕು.