ರಾಣಿಯ ಎಂಟು ಸ್ಕಾರ್ಫ್, ಅವ್ವನ ಒಂದು ಟೇಬಲ್ ಕ್ಲಾತ್

ಹೋದ ದೀಪಾವಳಿಯ ಬೋನಸ್ಸಿನಲ್ಲಿ ನನಗಾಗಿ ಕೊಂಡದ್ದು ನೂರು ಗ್ರಾಂ ನೂಲು. ಮೆರಿನೊ ಉಣ್ಣೆ, ಜೊತೆಗೆ ಒಂಚೂರು ರೇಷ್ಮೆ, ಕೈಯಲ್ಲೇ ಬಣ್ಣ ಹಾಕಿದ್ದು. ಬೆಲೆ 2,200 ರೂಪಾಯಿ. ಪುಣೆಯ ಬಾಣೇರ್‌ನ ನಮ್ಮ ಫ್ಲ್ಯಾಟಿಗೆ ಕೊರಿಯರ್ ಬಂದಾಗ ಮಗಳು ಲಡಿಯನ್ನು ಅಂಗೈಲಿ ತೂಗಿ ನೋಡಿ, "ಇಷ್ಟೇನಾ?" ಅಂದಳು.

ಕೈಬಣ್ಣ ಅಂದರೆ ಅರಿಶಿನ, ಮಂಜಿಷ್ಠ, ನೀಲಿ ಸೊಪ್ಪು ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಈಗ ಮಾರುವ ಹೆಚ್ಚಿನ ಕೈಬಣ್ಣದ ಉಣ್ಣೆಗೆ ಕಾರ್ಖಾನೆಯ ಆ್ಯಸಿಡ್ ಬಣ್ಣವನ್ನೇ ಹಾಕುತ್ತಾರೆ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನಿನ ನಾರು. ವಿನೆಗರ್ ಇಲ್ಲವೇ ಸಿಟ್ರಿಕ್ ಆಮ್ಲ ಬೆರೆಸಿ ಬಿಸಿ ಮಾಡಿದರೆ ಬಣ್ಣ ಹಿಡಿಯುತ್ತದೆ. ಯಂತ್ರದ ಬದಲು ಒಬ್ಬರು ಪಾತ್ರೆಯ ಮುಂದೆ ನಿಂತು ಇಲ್ಲಿಷ್ಟು ಅಲ್ಲಿಷ್ಟು ಸುರಿದಿರುತ್ತಾರೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಒಂದು ಲಡಿಯಂತೆ ಇನ್ನೊಂದಿರುವುದಿಲ್ಲ. ಇಂಥ ನೂಲಿನಲ್ಲಿ ಹೂವು ಬಳ್ಳಿ ತೆಗೆಯಲು ಹೋದರೆ ಬಣ್ಣವೂ ವಿನ್ಯಾಸವೂ ಒಂದನ್ನೊಂದು ನುಂಗಿಬಿಡುತ್ತವೆ. ಸರಪಳಿ ಹಾಕಿ, ಒಂದೇ ಬಗೆಯ ಕುಣಿಕೆಯಲ್ಲಿ ಹೋಗಿ ಬಂದು ಮಾಡುವ ಸಾದಾ ಸ್ಕಾರ್ಫೇ ಸರಿ. ನನಗೆ ಬರುವುದೂ ಅಷ್ಟೇ.

ವೃತ್ತಿಯ ಚಾಳಿಯಿಂದ ಟೈಮ್‌ಶೀಟ್ ಇಟ್ಟೆ. ಬಿಚ್ಚಿ ಮತ್ತೆ ಹಾಕಿದ್ದೂ ಸೇರಿ 31 ಗಂಟೆ. ಈ ಅಂಕಿಯೇ ನನ್ನನ್ನು ಕ್ರೋಷಾದ ಇತಿಹಾಸಕ್ಕೆ ಎಳೆದದ್ದು.

ಬಹಳ ಹಳೆಯ ಕಲೆ ಅನಿಸಿದರೂ ಇದರ ವಯಸ್ಸು ಅಂಥ ದೊಡ್ಡದಲ್ಲ. ಅಚ್ಚಾದ ಮಾದರಿಗಳು ಸಿಗುವುದು 1820ರ ದಶಕದ ಡಚ್ ಪತ್ರಿಕೆಯಿಂದೀಚೆಗೆ. ಹೆಸರು ಫ್ರೆಂಚಿನದು, ಅರ್ಥ ಸಣ್ಣ ಕೊಕ್ಕೆ. ಹಗುರವಾದ ಹವ್ಯಾಸವಾಗಿದ್ದ ಇದು ಹೊಟ್ಟೆಪಾಡಾದದ್ದು ಐರ್ಲೆಂಡಿನಲ್ಲಿ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ ಬಂತು. ಕಾರ್ಕ್ ಕಡೆಯ ಕ್ರೈಸ್ತ ಸನ್ಯಾಸಿನಿಯರು, ಕ್ಲೋನ್ಸ್ ಊರಿನಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್, ಹಸಿದ ಮನೆಗಳ ಹೆಂಗಸರಿಗೆ ಕ್ರೋಷಾ ಕಲಿಸಿದರು. ಮಗ್ಗ ಬೇಡ, ಬಂಡವಾಳ ಬೇಡ. ಒಂದು ಕೊಕ್ಕೆ, ಒಂದಿಷ್ಟು ದಾರ ಸಾಕು. ವೆನಿಸ್ಸಿನ ದುಬಾರಿ ಲೇಸಿನಂತೆಯೇ ಕಾಣುವ ಮಾಲು ಅದಕ್ಕಿಂತ ಬೇಗ ತಯಾರಾಗಿ ಶ್ರೀಮಂತರ ಕೊರಳಿಗೆ ಏರುತ್ತಿತ್ತು. ವಿಕ್ಟೋರಿಯಾ ರಾಣಿಯೂ ಐರಿಷ್ ಲೇಸಿಗೆ ಪ್ರೋತ್ಸಾಹ ಕೊಟ್ಟವಳು.

ಈ ರಾಣಿ ಸ್ವತಃ ಕ್ರೋಷಾ ಹಾಕುತ್ತಿದ್ದಳು. 1900ರಲ್ಲಿ, ಸಾಯುವ ಹಿಂದಿನ ವರ್ಷ, ಆಗ ದಕ್ಷಿಣ ಆಫ್ರಿಕಾದಲ್ಲಿ ನಡೆಯುತ್ತಿದ್ದ ಬೋಯರ್ ಯುದ್ಧದಲ್ಲಿ ಹೋರಾಡುತ್ತಿದ್ದ ಸೈನಿಕರಿಗಾಗಿ ಎಂಟು ಸ್ಕಾರ್ಫ್ ಹಾಕಿದಳು. ನಾಲ್ಕು ಬ್ರಿಟಿಷ್ ಪಡೆಗೆ, ನಾಲ್ಕು ವಸಾಹತುಗಳ ಪಡೆಗೆ. ಪಡೆದವರ ಹೆಸರುಗಳು ದಾಖಲಾಗಿವೆ. ಆಸ್ಟ್ರೇಲಿಯಾದ ಡು ಫ್ರೇಯರ್ ಎಂಬ ಸೈನಿಕನಿಗೆ ಸಿಕ್ಕಿದ್ದು ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿದೆ. ವಿಶೇಷ ವಿನ್ಯಾಸವೇನಿಲ್ಲ, ನನ್ನದರ ಹಾಗೆ ಸಾದಾ ಉದ್ದನೆ ಪಟ್ಟಿ. ಬಣ್ಣ ಖಾಕಿ.

ಖಾಕಿ ಅಂದ ಕೂಡಲೇ ಮಂಗಳೂರಿನ ಗೆಳೆಯರಿಗೆ ಕಿವಿ ನೆಟ್ಟಗಾಗುತ್ತದೆ. 1850ರ ದಶಕದ ಆರಂಭದಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಗೆ ಬಂದ ಹಾಲರ್, ಗೇರಿನ ಸಿಪ್ಪೆಯಿಂದ ಖಾಕಿ ಬಣ್ಣ ತೆಗೆದ ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅದಕ್ಕೂ ಮುಂಚೆಯೇ ಪೇಶಾವರದ ಕಡೆ ಲಮ್ಸ್‌ಡೆನ್ ತನ್ನ ಪಡೆಗೆ ಮಣ್ಣಿನ ಬಣ್ಣದ ಉಡುಪು ತೊಡಿಸಿದ್ದ. ಹೆಸರೇ ಹೇಳುತ್ತದಲ್ಲ, ಖಾಕ್ ಅಂದರೆ ಧೂಳು. ಮೊದಲು ಯಾರೆಂಬ ಜಗಳ ಇಲ್ಲಿಗೆ ಬಿಡೋಣ.

ರಾಣಿಯ ಎಂಟು ಸ್ಕಾರ್ಫಿಗೆ ಲೆಕ್ಕ ಇದೆ. ಅದೇ ಹೊತ್ತಿನಲ್ಲಿ ಆಂಧ್ರದ ಗೋದಾವರಿ ಸೀಮೆಯ ನರಸಾಪುರದ ಸುತ್ತ, ಮಿಷನರಿಗಳಿಂದ ಕ್ರೋಷಾ ಕಲಿತ ಹೆಂಗಸರು ಹಾಕುತ್ತಿದ್ದ ಲೇಸಿಗೆ ಅಂಥ ಲೆಕ್ಕ ಯಾರೂ ಇಡಲಿಲ್ಲ. ಬಹಳ ತಡವಾಗಿ ಆ ಲೆಕ್ಕ ತೆಗೆದವಳು ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ. 1963ರಲ್ಲಿ ಜರ್ಮನ್ ಭಾಷೆ ಕಲಿಸಲು ನಮ್ಮ ಇದೇ ಪುಣೆಗೆ ಬಂದು, ಕೆಲವು ವರ್ಷ ಇಲ್ಲೇ ಇದ್ದವಳು. ನರಸಾಪುರದ ಲೇಸು ಹೆಂಗಸರ ಬಗ್ಗೆ ಅವಳ ಪುಸ್ತಕ 1982ರಲ್ಲಿ ಬಂತು. ಸಾವಿರಾರು ಹೆಂಗಸರು ಮನೆಯಲ್ಲೇ ಕೂತು ದಿನಕ್ಕೆ ಆರೆಂಟು ಗಂಟೆ ಹಾಕಿದ ಲೇಸು ವಿದೇಶಕ್ಕೆ ಹೋಗುತ್ತಿತ್ತು. ಅವರಿಗೆ ಸಿಗುತ್ತಿದ್ದುದು ಹೊಲದ ಕೂಲಿಗಿಂತ ಕಡಿಮೆ. ಕಾರಣ? ವ್ಯಾಪಾರಿಗಳ ಕಣ್ಣಿಗೆ ಅವರು ಕಾರ್ಮಿಕರಲ್ಲ, ಬಿಡುವಿನಲ್ಲಿ ಏನೋ ಹೆಣೆಯುವ ಗೃಹಿಣಿಯರು. ಸೋಜಿಗವೆಂದರೆ ಹೆಂಗಸರೂ ತಮ್ಮನ್ನು ಹಾಗೇ ಕರೆದುಕೊಳ್ಳುತ್ತಿದ್ದರು. ಹೊಲಕ್ಕೆ ಹೋಗದೆ ಮನೆಯೊಳಗೆ ಕೂತು ದುಡಿಯುವುದು ಅವರಿಗೆ ಮರ್ಯಾದೆಯ ಮಾತಾಗಿತ್ತು. ಈ ಬೆಳವಣಿಗೆಯನ್ನು ಮೀಸ್ ಗೃಹಿಣೀಕರಣ ಎಂದು ಕರೆದಳು.

ಅದನ್ನು ಓದುವಾಗ ಹುಬ್ಬಳ್ಳಿಯ ನಮ್ಮ ಮನೆಯ ಟಿವಿಯ ಮೇಲಿದ್ದ ಬಿಳಿ ಕ್ರೋಷಾ ಹೊದಿಕೆ ನೆನಪಾಯಿತು. ತೊಂಬತ್ತರ ದಶಕದಲ್ಲಿ ಅವ್ವ ದುರ್ಗದಬೈಲಿನ ಅಂಗಡಿಯೊಂದಕ್ಕೆ ತೋರಣ, ಟೇಬಲ್ ಕ್ಲಾತ್ ಹಾಕಿಕೊಡುತ್ತಿದ್ದಳು. ದಾರ ಅಂಗಡಿಯವರದು, ಕೈ ಅವ್ವನದು. ಒಂದು ಟೇಬಲ್ ಕ್ಲಾತಿಗೆ 40 ರೂಪಾಯಿ. ನನ್ನ ಪಿಯುಸಿ ಪರೀಕ್ಷೆಯ ಫೀಸು ಹೋದದ್ದು ಈ ದುಡ್ಡಿನಲ್ಲೇ. ಆದರೆ ಶಾಲೆಯ ಫಾರ್ಮಿನಲ್ಲಿ ತಾಯಿಯ ಉದ್ಯೋಗ ಅಂತ ಕೇಳಿದ ಕಡೆ ನಾನು ವರ್ಷ ವರ್ಷವೂ ಬರೆದದ್ದು 'ಮನೆಗೆಲಸ'. ಎಂಟೆಕ್ ಮುಗಿಸಿ, ಇಪ್ಪತ್ತು ಜನರ ಟೀಮಿನ ಗಂಟೆ ಗಂಟೆಗೂ ಬಿಲ್ ಹಾಕುವ ಕೆಲಸ ಮಾಡಿಕೊಂಡು ಬಂದರೂ ಆ ಒಂದು ಅಂದಾಜು ಹಾಕಿ ನೋಡಬೇಕು ಅನಿಸಿರಲಿಲ್ಲ.

ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಕೇಳಿದೆ. "ಒಂದ್ ಟೇಬಲ್ ಕ್ಲಾತಿಗೆ ಎಷ್ಟ್ ತಾಸ್ ಹಿಡೀತಿತ್ತವ್ವಾ?"

"ತಾಸಿನ ಲೆಕ್ಕ ಯಾರ್ ಇಟ್ಟಾರ? ಖಾಲಿ ಕೂತಾಗ ಹಾಕ್ತಿದ್ದೆ."

"ಖಾಲಿ ಯಾವಾಗ ಕೂತಿದ್ದಿ ನೀನು?"

ಅವ್ವ ನಕ್ಕಳು. ಆಮೇಲೆ ಒಂದೊಂದೇ ಹೇಳಿದಳು: ರಾತ್ರಿ ಎಲ್ಲರ ಊಟ ಆದ ಮೇಲೆ, ನಳದ ನೀರು ಬರುವುದನ್ನು ಕಾಯುತ್ತ, ಅಪ್ಪ ದವಾಖಾನೆಯಲ್ಲಿದ್ದಾಗ ಮಂಚದ ಪಕ್ಕದಲ್ಲಿ. ಇಬ್ಬರೂ ಸೇರಿ ಕೂಡಿಸಿದೆವು. ಒಂದಕ್ಕೆ ಅರವತ್ತು ತಾಸಿಗೆ ಕಡಿಮೆ ಆಗಲಿಲ್ಲ. ತಾಸಿಗೆ ಎಪ್ಪತ್ತು ಪೈಸೆಯೂ ಬೀಳಲಿಲ್ಲ. ಅವ್ವ ಸ್ವಲ್ಪ ಹೊತ್ತು ಸುಮ್ಮನಾದಳು. ಲೆಕ್ಕ ತೆಗೆದು ತಪ್ಪು ಮಾಡಿದೆನೇನೋ ಅನಿಸಿತು.

"ಅದಿರ್ಲಿ, ನೀ ಹಾಕಿದ್ದು ತೋರ್ಸು" ಅಂದಳು. 2,200 ರೂಪಾಯಿಯ ನೂಲಿನ ಸ್ಕಾರ್ಫನ್ನು ಕ್ಯಾಮೆರಾಕ್ಕೆ ಹಿಡಿದೆ. ಬೆಲೆ ಹೇಳಲಿಲ್ಲ. ಕನ್ನಡಕ ಏರಿಸಿಕೊಂಡು ಹತ್ತಿರ ಬಂದು ನೋಡಿದಳು.

"ಬಣ್ಣ ಚಂದ ಅದ. ಅಂಚು ಸೊಟ್ಟ ಆಗ್ಯದ ನೋಡು, ಸಾಲಿನ ಕೊನೀ ಕುಣಿಕಿ ಬಿಟ್ಕೋತ ಹೋಗೀದಿ. ಬಿಚ್ಚು, ಅಲ್ಲಿಂದ ಮತ್ತ ಹಾಕು."