ಗೂನುಬೆನ್ನಿನ ಮಹಸೀರ್ ಮತ್ತು ಹೋರಾ ಅವರ ತಪ್ಪು ಗುರುತು: ಕಾವೇರಿಯ ಗಾಳಗಾರರ ದಾಖಲೆಗಳ ಮರುಪರಿಶೀಲನೆ

ಕಾವೇರಿಯ ಗೂನುಬೆನ್ನಿನ ಮಹಸೀರ್ ಕುರಿತು ಈಚೆಗೆ ಬರುತ್ತಿರುವ ಬರಹಗಳು ಬಹುಮಟ್ಟಿಗೆ 2018ರಿಂದ ಶುರುವಾಗುತ್ತವೆ. ಆ ವರ್ಷ ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಪ್ಲಾಸ್ ಒನ್ ಪತ್ರಿಕೆಯಲ್ಲಿ ಈ ಮೀನನ್ನು ಟಾರ್ ರೆಮದೇವಿ ಪ್ರಭೇದವೆಂದು ಗುರುತಿಸಿದರು. ವರ್ಷ ಮುಗಿಯುವ ಮೊದಲೇ ಐಯುಸಿಎನ್ ಅದನ್ನು ಅಳಿವಿನ ಅಂಚಿಗೆ ಬಂದು ನಿಂತ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರು ಸಿಕ್ಕಿತು, ವ್ಯಾಜ್ಯ ತೀರಿತು ಎಂಬುದು ಈ ಬರಹಗಳ ಧಾಟಿ. ನನ್ನ ತಕರಾರು ಅದಕ್ಕಿಂತ ಹಿಂದಿನ ಮುಕ್ಕಾಲು ಶತಮಾನದ್ದು. ನೂರು ಪೌಂಡಿಗೂ ಮೀರಿ ಬೆಳೆಯುವ ಮೀನೊಂದು ಬೇರೊಂದು ಮೀನಿನ ಹೆಸರು ಹೊತ್ತು ಅಷ್ಟು ಕಾಲ ಗ್ರಂಥಗಳಲ್ಲಿ ಉಳಿದದ್ದು ಹೇಗೆ? ಮಾದರಿಗಳ ಕೊರತೆ ಎಂಬ ಸಿದ್ಧ ಉತ್ತರ ಅರ್ಧ ಮಾತ್ರ ನಿಜ. ಯಾರ ಸಾಕ್ಷ್ಯವನ್ನು ಸಾಕ್ಷ್ಯವೆಂದು ಒಪ್ಪಲಾಯಿತು ಎಂಬುದರಲ್ಲಿದೆ ಉಳಿದರ್ಧ.

ಗುಬ್ಬಿ ಸೀಮೆಯ ಓದುಗರಿಗೆ ಇದು ದೂರದ ಸಂಗತಿಯಲ್ಲ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿದ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ, ಮದ್ದೂರಿನ ಮೇಲೆ ಹಾದು ಕಾವೇರಿಗೆ ಬೀಳುತ್ತದೆ. ಅಲ್ಲಿಂದ ಕೆಳಗಿನ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಯ ಮಡುಗಳೇ ಈ ಲೇಖನದ ರಂಗಸ್ಥಳ. ಆ ಮಡುಗಳಲ್ಲಿ ಗಾಳಕ್ಕೆ ಕಟ್ಟುತ್ತಿದ್ದ ಎರೆಯೂ ನಮ್ಮದೇ: ಬೇಯಿಸಿ, ಮಸಾಲೆ ಬೆರೆಸಿ ಗಟ್ಟಿಯಾಗಿ ಉಂಡೆ ಕಟ್ಟಿದ ರಾಗಿ ಹಿಟ್ಟು.

ಮೊದಲು ವಿವಾದದ ಮೂಲ. ಮುಂಬಯಿ ಸೇನೆಯ ಅಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ 1839ರಲ್ಲಿ ದಖ್ಖನದ ಮೀನುಗಳನ್ನು ವರ್ಣಿಸುತ್ತ ಬಾರ್ಬಸ್ ಖುದ್ರೀ, ಬಾರ್ಬಸ್ ಮುಸಲ್ಲಾ ಎಂಬ ಎರಡು ದೊಡ್ಡ ಮೀನುಗಳಿಗೆ ಹೆಸರಿಟ್ಟ. ಅವನ ಕೆಲಸದ ಸೀಮೆ ಪುಣೆಯ ಸುತ್ತಮುತ್ತ. ಅಲ್ಲಿನ ಹೊಳೆಗಳು ಭೀಮೆಗೆ, ಭೀಮೆ ಕೃಷ್ಣೆಗೆ. ನೂರು ವರ್ಷಗಳ ಮೇಲೆ, 1940ರ ದಶಕದ ಆರಂಭದಲ್ಲಿ, ಭಾರತೀಯ ಮತ್ಸ್ಯಶಾಸ್ತ್ರದ ಹಿರಿಯ ಸುಂದರ್ ಲಾಲ್ ಹೋರಾ ಸೈಕ್ಸ್‌ನ ಬಾರ್ಬಸ್‌ಗಳನ್ನು ಪುನರ್ವಿಮರ್ಶಿಸಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಗಾಳದ ಮೀನುಗಳ ಕುರಿತ ಅವರ ಲೇಖನಮಾಲೆಯೂ ಆಗ ನಡೆದಿತ್ತು. ಈ ಬರಹಗಳಲ್ಲಿ ಮುಸಲ್ಲಾ ಮಹಸೀರ್‌ಗಳ ಸಾಲಿಗೆ ಬಂತು; ದಕ್ಷಿಣದ ಗೂನುಬೆನ್ನಿನ ಮೀನಿಗೆ ಆ ಹೆಸರು ಅಂಟಿತು. 1992ರಲ್ಲಿ ಎ.ಜಿ.ಕೆ. ಮೆನನ್ ಟಾರ್ ಕುಲದ ಪರಿಷ್ಕರಣೆಯಲ್ಲಿ ಅದನ್ನೇ ಎತ್ತಿಹಿಡಿದರು. ಆಮೇಲಿನವರಲ್ಲಿ ಅನೇಕರು ಮೆನನ್ ಅವರಿಂದ ನಕಲು ಮಾಡಿದರು. (ನಕಲು ಎಂಬ ಮಾತು ಕಟುವಾಯಿತು ಎನ್ನುವವರು ಪಟ್ಟಿ ತಯಾರಿಸುವವರ ಅಭ್ಯಾಸವನ್ನು ಒಮ್ಮೆ ಗಮನಿಸಬೇಕು: ಹೊಳೆ ಬದಲಾದರೂ ವಾಕ್ಯ ಬದಲಾಗುವುದಿಲ್ಲ.)

ಹೋರಾ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಯುದ್ಧದ ಭಯದಿಂದ 1942ರಲ್ಲಿ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ಸಂಗ್ರಹವನ್ನು ಕಲ್ಕತ್ತೆಯಿಂದ ಕಾಶಿಗೆ ಸಾಗಿಸಲಾಯಿತು; ಮರುವರ್ಷ ವರುಣಾ ನದಿಯ ನೆರೆ ಅಲ್ಲಿಗೂ ನುಗ್ಗಿತು. ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕಾಲ ಅದಾಗಿರಲಿಲ್ಲ. ಎರಡನೆಯದಾಗಿ, ಆಳು ಹೊರಲಾರದಷ್ಟು ದೊಡ್ಡ ಮೀನು ಮದ್ಯಸಾರದ ಜಾಡಿಗೆ ಇಳಿಯುವುದಿಲ್ಲ. ವಸ್ತುಸಂಗ್ರಹಾಲಯಗಳಿಗೆ ಮರಿಗಳು ಬರುತ್ತಿದ್ದವು, ದೊಡ್ಡವು ಮೈಸೂರಿನ ವಾನ್ ಇಂಗೆನ್ ಕುಟುಂಬದ ಚರ್ಮ ತುಂಬುವ ಕಾರ್ಖಾನೆಗೆ ಹೋಗುತ್ತಿದ್ದವು. ಆ ಕುಟುಂಬದ ಡಿವೆಟ್ ವಾನ್ ಇಂಗೆನ್ 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಗಾಳಗಾರರಿಗೆಲ್ಲ ಗೊತ್ತಿರುವ ದಾಖಲೆ.

ಇಷ್ಟು ವಿನಾಯಿತಿ ಕೊಟ್ಟ ಮೇಲೂ ಗುರುತು ನಿಲ್ಲುವುದಿಲ್ಲ. ಭೂಗೋಳದ ವಾದವನ್ನು ನಾನು ಮುಂದೊಡ್ಡುವುದಿಲ್ಲ. ಕೃಷ್ಣೆಯ ಮೀನು ಕಾವೇರಿಯಲ್ಲಿ ಇರಲಾರದು ಎಂಬುದು ದುರ್ಬಲ ವಾದ, ಎರಡೂ ಕಣಿವೆಗಳಿಗೆ ಸಾಮಾನ್ಯವಾದ ಮೀನುಗಳು ಬೇಕಾದಷ್ಟಿವೆ. ನಿರ್ಣಾಯಕವಾದದ್ದು ಮೈಕಟ್ಟು. ಮಹಸೀರ್‌ನ ಹೆಗ್ಗುರುತು ಅಂಗೈಯಗಲದ ಹುರುಪೆ. ಪಕ್ಕದ ಗೆರೆಯುದ್ದಕ್ಕೂ ಎಣಿಸಿದರೆ ಇಪ್ಪತ್ತು ಚಿಲ್ಲರೆ. ಅದರ ಕೆಳತುಟಿಯ ಮಾಂಸಲ ಮಡಿಕೆಯೂ ಕುಲದ ಲಕ್ಷಣ. ಮುಸಲ್ಲಾದ ಹುರುಪೆ ಇದಕ್ಕಿಂತ ಸಣ್ಣದು, ಸಂಖ್ಯೆಯಲ್ಲಿ ಹೆಚ್ಚು. ನೈಟ್, ರೈ ಮತ್ತು ಡಿಸೋಜ 2013ರಲ್ಲಿ ಝೂಟ್ಯಾಕ್ಸಾ ಪತ್ರಿಕೆಯಲ್ಲಿ ಸೈಕ್ಸ್‌ನ ಮುಸಲ್ಲಾ ಟಾರ್ ಕುಲಕ್ಕೇ ಸೇರದು, ಅದು ಹಿಪ್ಸೆಲೋಬಾರ್ಬಸ್ ಎಂದು ಸ್ಥಾಪಿಸಿದರು. ಕಾವೇರಿಯ ಮೀನು ಮುಸಲ್ಲಾದ ಸೋದರ ಪ್ರಭೇದವೂ ಅಲ್ಲ, ಬೇರೆ ಕುಲದ್ದು ಎಂದಾಯಿತು. ಹಾಗಿದ್ದರೆ ಇವೆರಡನ್ನು ಒಂದುಗೂಡಿಸಿದ್ದು ಯಾವುದು? ನನ್ನ ಊಹೆ ಇದು: ಗಾತ್ರ ಮತ್ತು ಉಬ್ಬಿದ ಬೆನ್ನು. ದೊಡ್ಡ ಮೀನು, ಎತ್ತಿದ ಬೆನ್ನು, ದಖ್ಖನ ಎಂಬ ಮೂರು ಮಾತುಗಳು ಹಳೆಯ ಅಚ್ಚಿನ ವರ್ಣನೆಯಲ್ಲಿ ಕಂಡರೆ ಸಾಕಾಯಿತು. ಅಚ್ಚಾದ ಹೆಸರೊಂದು ಖಾಲಿ ಕುಳಿತಿರುವಾಗ ಹೊಸ ಹೆಸರು ಕೊಡಲು ಮತ್ಸ್ಯಶಾಸ್ತ್ರಜ್ಞನಿಗೆ ಕೈ ಬರುವುದಿಲ್ಲ. ಆ ಸಂಕೋಚ ಶಾಸ್ತ್ರಕ್ಕೆ ಒಳ್ಳೆಯದೇ. ಇಲ್ಲಿ ಮಾತ್ರ ಅದು ಕಣ್ಣು ಕಟ್ಟಿತು.

ಇದೇ ಹೊತ್ತಿಗೆ ಇನ್ನೊಂದು ಸಾಕ್ಷ್ಯ ಪರಂಪರೆ ಬೆಳೆದಿತ್ತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ದಿ ರಾಡ್ ಇನ್ ಇಂಡಿಯಾ ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಮುಂದೆ ಕಿಟೆಲ್ ನಿಘಂಟನ್ನು ಮುದ್ರಿಸಿದ ಬಾಸೆಲ್ ಮಿಶನ್ನೇ ಇದನ್ನೂ ಹೊರತಂದಿತು. ಭಾರತದಲ್ಲಿ ಗಾಳ ಹಾಕುವ ವಿದ್ಯೆಯ ಬಗ್ಗೆ ಅಧಿಕಾರದಿಂದ ಮಾತಾಡಿದ ಮೊದಲ ಇಂಗ್ಲಿಷ್ ಗ್ರಂಥಗಳಲ್ಲೊಂದು ಕನ್ನಡ ನೆಲದಲ್ಲಿ ಹುಟ್ಟಿತೆಂಬುದನ್ನು ನಮ್ಮ ಮುದ್ರಣ ಚರಿತ್ರಕಾರರು ಗಮನಿಸಿದ್ದು ಕಡಿಮೆ. ಥಾಮಸ್ 1887ರಲ್ಲಿ ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ ಎಂಬ, ಕೆರೆಯ ಮೀನುಗಳಿಗೇ ಮೀಸಲಾದ ಪುಸ್ತಕವನ್ನೂ ಬರೆದ; ಗುಬ್ಬಿ, ಕುಣಿಗಲ್ಲಿನಂಥ ಕೆರೆ ಸೀಮೆಯ ಮತ್ಸ್ಯ ಚರಿತ್ರೆ ಬರೆಯುವವರು ಅದನ್ನು ತೆರೆಯದೆ ಮುಂದೆ ಹೋಗುವುದು ಸಲ್ಲದು. ಅದೇ ಕಾಲದ ಫ್ರಾನ್ಸಿಸ್ ಡೇ ತನ್ನ ಮಹಾಗ್ರಂಥದಲ್ಲಿ (1875–78) ಮಹಸೀರ್‌ಗಳನ್ನು ಬಾರ್ಬಸ್ ಟಾರ್ ಎಂಬ ಒಂದೇ ಚೀಲಕ್ಕೆ ತುಂಬಿದ. ಡೇಯನ್ನು ಉಲ್ಲೇಖಿಸಿದಷ್ಟು ಧಾರಾಳವಾಗಿ ಮತ್ಸ್ಯಶಾಸ್ತ್ರ ಥಾಮಸ್‌ನನ್ನು ಉಲ್ಲೇಖಿಸಲಿಲ್ಲ. ಥಾಮಸ್ ಕಡೆಗೆ ನನಗೆ ಒಲವಿರುವುದನ್ನು ಓದುಗರು ಈಗಾಗಲೇ ಗಮನಿಸಿರಬಹುದು, ಮುಚ್ಚಿಡುವುದಿಲ್ಲ.

ಇಲ್ಲೊಂದು ವ್ಯಂಗ್ಯವಿದೆ. ಇದೇ ಡೇ 1860ರ ದಶಕದಲ್ಲಿ ಇಂಗ್ಲೆಂಡಿನ ಟ್ರೌಟ್ ಮೀನನ್ನು ನೀಲಗಿರಿಗೆ ತರಲು ಹೆಣಗಿದವನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿಕೇಂದ್ರ ನಡೆಸಿ ರೈನ್‌ಬೋ ಟ್ರೌಟನ್ನು ನೆಲೆಗೊಳಿಸಿದ. ಮುಕುರ್ತಿಯ ಕಡೆಯ ತಣ್ಣೀರು ಗಾಳಗಾರರ ಯಾತ್ರಾಸ್ಥಳವಾಯಿತು. ಬೆಟ್ಟದ ಆ ನೀರು ಇಳಿದು ಮೋಯಾರ್ ಹೊಳೆಯಾಗಿ, ಭವಾನಿಯ ಮೂಲಕ ಕಾವೇರಿಗೆ ಸೇರುತ್ತದೆ. 2018ರಲ್ಲಿ ಗೂನುಬೆನ್ನಿನ ಮೀನಿನ ಗುರುತು ಇತ್ಯರ್ಥವಾದದ್ದು ಇದೇ ಮೋಯಾರ್‌ನ ಮಾದರಿಗಳಿಂದ. ಮೇಲೆ ಪರದೇಶದ ಮೀನಿನ ತತ್ತಿಗೂ ಲೆಕ್ಕವಿತ್ತು. ಕೆಳಗಿನ ದೈತ್ಯನಿಗೆ ಸರಿಯಾದ ಹೆಸರೂ ಇರಲಿಲ್ಲ.

ಈಗ ನನ್ನ ಮುಖ್ಯ ಆಕರ: ಗಾಳಿಬೋರೆ ಶಿಬಿರದ ದಿನಚರಿ. ಅಲ್ಲಿ ಹಿಡಿದ ಮೀನನ್ನು ತೂಗಿ, ಬರೆದು, ಮರಳಿ ಹೊಳೆಗೆ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಈ ದಾಖಲೆಗಳನ್ನು ಪಿಂಡರ್, ರಾಘವನ್ ಮತ್ತು ಬ್ರಿಟನ್ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು: 6161 ಮಹಸೀರ್, ಅತಿ ದೊಡ್ಡದು 46.8 ಕಿಲೊ. ನೀಲಿ ರೆಕ್ಕೆಯ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಗೂನುಬೆನ್ನಿನದು ಇಳಿಯಿತು, ಆದರೆ ಸಿಕ್ಕ ಒಂದೊಂದರ ತೂಕ ಏರಿತು. ಮುದಿ ಮೀನುಗಳು ಉಳಿದಿವೆ, ಮರಿಗಳು ಬರುತ್ತಿಲ್ಲ ಎಂದು ಇದರ ಅರ್ಥ.

ಈ ಲೆಕ್ಕ ಜನಪ್ರಿಯವಾಯಿತು. ಆದರೆ ಲೆಕ್ಕಕ್ಕೆ ಆಧಾರವಾದ ವಿಂಗಡಣೆ ಯಾರದೆಂದು ಕೇಳಿದವರು ವಿರಳ. ಮುಸಲ್ಲಾ ಎಂಬ ಹೆಸರು ಗ್ರಂಥಗಳಲ್ಲಿ ಇನ್ನೂ ಚಾಲ್ತಿಯಲ್ಲಿದ್ದಾಗಲೇ, ಹರಿಗೋಲಿನಲ್ಲಿ ಕುಳಿತವರು ಎರಡು ಬಗೆಯ ಮೀನುಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದರು: ತಲೆಯ ಹಿಂದಿನಿಂದಲೇ ಏರುವ ಗೂನು, ಕೇಸರಿ ಬಣ್ಣದ ರೆಕ್ಕೆಯದೊಂದು, ನೀಲಿ ರೆಕ್ಕೆಯದಿನ್ನೊಂದು. ಗಾಳಗಾರ ಸುಳ್ಳುಗಾರ, ಅವನ ಪುಸ್ತಕ ಪುರಾವೆಯಾಗದು ಎಂಬ ಆಕ್ಷೇಪ ಹಳೆಯದು. ಆಕರ ವಿಮರ್ಶೆಯ ಮೊದಲ ಪಾಠವನ್ನೇ ಇದು ಮರೆಯುತ್ತದೆ. ಸಾಕ್ಷಿಗೆ ಎಲ್ಲಿ ಲಾಭವಿದೆಯೋ ಅಲ್ಲಿ ಅವನನ್ನು ಶಂಕಿಸಬೇಕು. ಗಾಳಗಾರನಿಗೆ ತೂಕ ಹಿಗ್ಗಿಸುವುದರಲ್ಲಿ ಲಾಭವಿದೆ. ರೆಕ್ಕೆಯ ಬಣ್ಣ ಬದಲಿಸಿ ಅವನಿಗೆ ಬರುವುದೇನೂ ಇಲ್ಲ. ದಾನಶಾಸನದಲ್ಲಿ ರಾಜನ ಬಿರುದುಗಳನ್ನು ಅನುಮಾನಿಸಿ, ಗದ್ದೆಯ ಎಲ್ಲೆಗಳನ್ನು ನಂಬುವ ನಮ್ಮ ಶಾಸನ ವಿದ್ವಾಂಸರಿಗೆ ಇದನ್ನು ವಿವರಿಸಬೇಕಿಲ್ಲ. ದಿನಚರಿಯ ಮಿತಿಯನ್ನೂ ಹೇಳಬೇಕು: ಅದು ಪ್ರಭೇದವನ್ನು ಸಾಧಿಸುವುದಿಲ್ಲ. ಬಿಟ್ಟ ಮೀನು ಮಾದರಿಯಾಗದು, ವಂಶವಾಹಿ ಕೊಡದು. ಎರಡು ರೂಪಗಳನ್ನು ಬೇರೆಯಾಗಿಯೇ ಕಾಣಲಾಗುತ್ತಿತ್ತು ಎಂಬುದನ್ನಷ್ಟೇ ಅದು ಸಾಧಿಸುತ್ತದೆ. ಹೋರಾ ಮತ್ತು ಮೆನನ್ ಅವರ ಗುರುತನ್ನು ಮರುಪರೀಕ್ಷೆಗೆ ಒಡ್ಡಲು ಅಷ್ಟು ಸಾಕಾಗಿತ್ತು.

ತಪ್ಪು ಗುರುತಿಗೆ ಬೆಲೆ ತೆತ್ತಿದ್ದು ಹೊಳೆ. ಲೋಣಾವಳದ ಟಾಟಾ ಮರಿಕೇಂದ್ರದಲ್ಲಿ ಬೆಳೆಸಿದ ಖುದ್ರೀ ಮರಿಗಳನ್ನು ಕಾವೇರಿಗೆ ತಂದು ಬಿಡಲಾಯಿತು. ದಿನಚರಿಯಲ್ಲಿ ಏರುತ್ತ ಹೋದ ನೀಲಿ ರೆಕ್ಕೆ ಅದೇ. ಬಿಟ್ಟವರ ಉದ್ದೇಶ ಶುದ್ಧವಾಗಿತ್ತು, ಮಹಸೀರ್ ಉಳಿಯಲಿ ಎಂಬುದು. ಇದನ್ನೆಲ್ಲ ಹೋರಾ ತಲೆಗೆ ಕಟ್ಟುವುದು ಅನ್ಯಾಯ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಗಳ ಪಾಲೂ ದೊಡ್ಡದು. ಆದರೆ ಕಾವೇರಿಗೇ ಸೀಮಿತವಾದ ಪ್ರಭೇದವೊಂದು ಇಲ್ಲಿದೆ ಎಂಬುದು ಗ್ರಂಥಗಳಲ್ಲಿ ಸ್ಪಷ್ಟವಿದ್ದಿದ್ದರೆ, ಅದೇ ಮಡುವಿಗೆ ಇನ್ನೊಂದು ಮಹಸೀರ್ ಸುರಿಯುವ ಮುನ್ನ ಯಾರಾದರೂ ತಡೆದು ಕೇಳುತ್ತಿದ್ದರು.

ಆದ್ದರಿಂದ ನನ್ನ ನಿಲುವು ಹೀಗೆ. ಕರ್ನಾಟಕದ ಮತ್ಸ್ಯ ಪಟ್ಟಿಗಳಲ್ಲಿ ಕಾವೇರಿಯ ಗೂನುಬೆನ್ನಿನ ಮೀನಿನ ಮುಂದೆ ಮುಸಲ್ಲಾ ಎಂದು ಇನ್ನೂ ಬರೆಯುವುದು ಅಜಾಗರೂಕತೆ. 2013ರ ನಂತರ ಅದಕ್ಕೆ ನೆಪವಿಲ್ಲ. 2018ರ ಗುರುತನ್ನು ನಾನು ಒಪ್ಪುತ್ತೇನೆ, ಅದಕ್ಕೆ ಹೊದಿಸಿದ ಶೋಧನೆಯ ವೈಭವವನ್ನಲ್ಲ. ಗಾಳಿಬೋರೆಯ ದಿನಚರಿಯಿಂದ ಅಂಕಿಗಳನ್ನಷ್ಟೇ ಹೆಕ್ಕಿದರೆ ಸಾಲದು. ಅದನ್ನು ಅಭಿಲೇಖಾಲಯಕ್ಕೆ ಸೇರಿಸಿ, ಕೈಬರಹದ ಆಕರವಾಗಿ ಪಾಠಶೋಧನೆ ಮಾಡಬೇಕು, ಹರಿಗೋಲು ನಡೆಸಿ ಮೀನು ಗುರುತಿಸಿದವರ ಹೇಳಿಕೆಗಳನ್ನು ಅವರಿರುವಾಗಲೇ ಬರೆದುಕೊಳ್ಳಬೇಕು. ಶಿಂಷೆಯ ಮೇಲ್ಭಾಗದ ಕೆರೆಗಳ ಮೀನುಗಾರಿಕೆಯ ಹರಾಜು ಕಡತಗಳಿಗೂ ಇದೇ ಮರ್ಯಾದೆ ಸಲ್ಲಬೇಕು. ಗಾಳ ಹಿಡಿದವನ ಮಾತನ್ನು ಕಟ್ಟುಕಥೆಯೆಂದು ಬದಿಗಿಟ್ಟು ಬರೆದ ಮತ್ಸ್ಯ ಚರಿತ್ರೆ ಈ ನಾಡಿನಲ್ಲಿ ಒಮ್ಮೆ ದಾರಿ ತಪ್ಪಿದೆ. ಎರಡನೆಯ ಸಲ ತಪ್ಪಿದರೆ ಮಾದರಿ ಸಿಗಲಿಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ.